ತಲಾಂತು: ಹೊರೆಯೋ, ಹೊಳಪೋ?



ಕೆಲವು ವರ್ಷಗಳ ಹಿಂದಿನ ಮಾತು. ನವೆಂಬರ್ ತಿಂಗಳ ಒಂದು ಭಾನುವಾರ. ಮಕ್ಕಳ ದಿನಾಚರಣೆ ಅದೇ ವಾರದಲ್ಲಿ ಬಂದಿದ್ದರಿಂದ, ನಾನು ಆಗ ಸೇವೆಯಲ್ಲಿದ್ದ ಧರ್ಮಕೇಂದ್ರದಲ್ಲಿ ಬಲಿಪೂಜೆಯ ನಂತರ ಪ್ರತಿಭಾ ಪುರಸ್ಕಾರ ಸಮಾರಂಭವನ್ನು ಇಟ್ಟುಕೊಂಡಿದ್ದೆವು. ಅಂದಿನ ಶುಭಸಂದೇಶ ವಾಚನವೂ ಸಂತ ಮತ್ತಾಯನ 25ನೆಯ ಅಧ್ಯಾಯದ ತಲಾಂತುಗಳ ಸಾಮತಿಯೇ ಆಗಿತ್ತು. ಉಪದೇಶಕನಿಗೆ ಇದಕ್ಕಿಂತ ಅನುಕೂಲವಾದ ಸಂದರ್ಭ ಇನ್ನೇನು ಬೇಕು? ದೇವರು ಕೊಟ್ಟ ಟ್ಯಾಲೆಂಟನ್ನು ಮಣ್ಣಿನಲ್ಲಿ ಹೂತಿಡಬೇಡಿ ಎಂದು ಇಪ್ಪತ್ತು ನಿಮಿಷ ಪ್ರಬೋಧನೆ ಮಾಡಿದೆ. ಆಮೇಲೆ ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದವರು, ಹಾಡು, ಭಾಷಣ, ಚಿತ್ರಕಲೆಗಳಲ್ಲಿ ಗೆದ್ದವರು ಒಬ್ಬೊಬ್ಬರಾಗಿ ಬಂದು ಶಾಲು ಹೊದಿಸಿಕೊಂಡು, ಫಲಕ ಹಿಡಿದು, ಛಾಯಾಚಿತ್ರಕ್ಕೆ ನಿಂತರು.

ಸಮಾರಂಭ ಮುಗಿಯುವ ಹೊತ್ತಿಗೆ ಒಬ್ಬ ತಾಯಿ ಪಕ್ಕದ ಬಾಗಿಲ ಬಳಿ ನನ್ನನ್ನು ತಡೆದು ನಿಲ್ಲಿಸಿದರು. ಗಂಡನನ್ನು ಕಳೆದುಕೊಂಡು ಕಂಡವರ ಮನೆಗೆಲಸ ಮಾಡಿ ಬದುಕು ಸಾಗಿಸುತ್ತಿದ್ದವರು. ಅವರ ಹದಿನಾಲ್ಕು ವರ್ಷದ ಮಗ ಪರೀಕ್ಷೆಯಲ್ಲಿ ಎರಡು ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದ. ಹಾಡಲು ಬಾರದೆಂದು ಗಾನವೃಂದದಿಂದ ಅವನನ್ನು ಕೈಬಿಟ್ಟವನು ನಾನೇ. "ಸ್ವಾಮಿ, ಎಲ್ಲರಿಗೂ ಒಂದಾದರೂ ಕೊಟ್ಟಿದ್ದಾನೆ ಅಂದ್ರಿ. ನಮ್ಮ ಹುಡುಗನಿಗೆ ದೇವರು ಒಂದು ಟ್ಯಾಲೆಂಟೂ ಕೊಡಲೇ ಇಲ್ವಾ?" ಎಂದು ಕೇಳಿದರು. "ಇರುತ್ತದೆ ಅಮ್ಮ, ಹುಡುಕಬೇಕು" ಎಂದು ಹೇಳಿ ನಾನು ಅತಿಥಿಗಳ ಕಡೆಗೆ ನಡೆದೆ.

ಆ ಉತ್ತರಕ್ಕಾಗಿ ನಾನು ಇಂದಿಗೂ ನಾಚುತ್ತೇನೆ. ಆ ಹುಡುಗ ಪ್ರತಿದಿನ ನಸುಕಿನಲ್ಲೆದ್ದು, ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದ ಅಜ್ಜಿಯ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಮಗ್ಗುಲು ಹೊರಳಿಸಿ ಶಾಲೆಗೆ ಓಡುತ್ತಿದ್ದನೆಂಬುದು ನನಗೆ ಗೊತ್ತಿತ್ತು. ರೋಗಿಗಳಿಗೆ ಪರಮಪ್ರಸಾದ ಕೊಡಲು ಹೋದಾಗ ಕಣ್ಣಾರೆ ಕಂಡಿದ್ದೆ. ಕಂಡೂ, ಹುಡುಕಬೇಕು ಎಂದೆ. ನನ್ನ ಕಣ್ಣಿಗೆ ಪೊರೆ ಕವಿಸಿದ್ದು ಒಂದು ಪದ. ಆ ಪದದ ಮೇಲೆ ನನಗೊಂದು ತಕರಾರಿದೆ. ಇಲ್ಲ, ಆ ಪದವನ್ನು ಕೆಡಿಸಿದ ನಮ್ಮೆಲ್ಲರ ಮೇಲೆ ತಕರಾರಿದೆ. ಆ ತಾಯಿಗೆ ಅಂದು ಕೊಡದ ಉತ್ತರವನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ತಕ್ಕಡಿಯಲ್ಲಿ ಹುಟ್ಟಿದ ಪದ

ಇಂಗ್ಲಿಷಿನ 'ಟ್ಯಾಲೆಂಟ್' ಇಂದು ಕನ್ನಡದ್ದೇ ಎಂಬಷ್ಟು ನಮ್ಮ ನಾಲಗೆಯ ಮೇಲಿದೆ. ಹಳ್ಳಿಯ ಅಜ್ಜಿಯೂ ಮೊಮ್ಮಗನಿಗೆ ಟ್ಯಾಲೆಂಟ್ ಇದೆ ಎನ್ನುತ್ತಾಳೆ. ಆದರೆ ಈ ಪದ ಹುಟ್ಟಿದಾಗ ಇದಕ್ಕೂ ಹಾಡು, ಕುಣಿತ, ಅಂಕಗಳಿಗೂ ಯಾವ ನಂಟೂ ಇರಲಿಲ್ಲ. ಮೂಲದಲ್ಲಿ ಇದು ಗ್ರೀಕರ 'ತಲಾಂತೊನ್'. ಅದರ ಅರ್ಥ ತಕ್ಕಡಿ, ತೂಗುವ ತಟ್ಟೆ, ತೂಕ. ಹೋಮರನ ಇಲಿಯಡ್ ಕಾವ್ಯದಲ್ಲಿ ದೇವರಾಜ ಜ್ಯೂಸ್ ಅಖಿಲೀಸ್ ಮತ್ತು ಹೆಕ್ಟರರ ಅದೃಷ್ಟವನ್ನು ಬಂಗಾರದ ತಕ್ಕಡಿಯಲ್ಲಿಟ್ಟು ತೂಗುತ್ತಾನೆ. ಆ ತಕ್ಕಡಿಗೆ ಅಲ್ಲಿರುವ ಹೆಸರು ಇದೇ ಪದದ ಬಹುವಚನ.

ಇದರ ಧಾತುವಿನ ಅರ್ಥ ಎತ್ತು, ಹೊರು, ತಾಳು ಎಂಬುದು. ಭಾಷಾವಿಜ್ಞಾನಿಗಳು ಇದೇ ಧಾತುವಿನಿಂದ ಬಂದ ಬಂಧುಗಳನ್ನು ಬೇರೆ ಭಾಷೆಗಳಲ್ಲಿ ಗುರುತಿಸಿದ್ದಾರೆ. ಲ್ಯಾಟಿನಿನಲ್ಲಿ ಸಹಿಸಿಕೊಳ್ಳುವುದಕ್ಕಿರುವ ಕ್ರಿಯಾಪದ ಇದೇ ಮನೆತನದ್ದು; ಇಂಗ್ಲಿಷಿನ 'ಟಾಲರೆನ್ಸ್' ಅದರ ಮಗಳು. ಸಂಸ್ಕೃತದ 'ತುಲಾ' ಕೂಡ ಇದೇ ಮನೆತನದ್ದು. ನಮ್ಮ ತುಲನೆ, ತುಲಾರಾಶಿ, ತುಲಾಭಾರ ಎಲ್ಲವೂ ಟ್ಯಾಲೆಂಟ್ ಪದದ ದೂರದ ದಾಯಾದಿಗಳು. (ಅಚ್ಚಗನ್ನಡದ 'ತೂಕ' ಬೇರೆ ಮನೆಯದು, ಆದರೂ 'ತೂಕದ ಮನುಷ್ಯ', 'ತೂಕದ ಮಾತು' ಎನ್ನುವಾಗ ಕನ್ನಡಿಗ ಹೇಳುವುದು ಹೊಳಪಿನ ವಿಷಯವನ್ನಲ್ಲ.) ಹೀಗೆ ಒಂದೇ ಬೇರಿನಿಂದ ಭಾರ ಹೊರುವುದು, ಸಹಿಸುವುದು, ತೂಗುವುದು ಎಂಬ ಮೂರು ಅರ್ಥಗಳು ಚಿಗುರಿವೆ. ಬೀಗುವುದು ಎಂಬ ನಾಲ್ಕನೆಯದು ಆ ಬೇರಿನಲ್ಲಿ ಎಲ್ಲಿಯೂ ಇಲ್ಲ.

ತಕ್ಕಡಿಯ ಹೆಸರು ಕ್ರಮೇಣ ಅದರಲ್ಲಿ ತೂಗುವ ಒಂದು ನಿಶ್ಚಿತ ತೂಕದ ಹೆಸರಾಯಿತು. ಅಥೆನ್ಸಿನವರ ಲೆಕ್ಕದಲ್ಲಿ ಒಂದು ತಲಾಂತು ಸುಮಾರು 26 ಕಿಲೋಗ್ರಾಂ. ಅಷ್ಟು ತೂಕದ ಬೆಳ್ಳಿ ಎಂದರೆ 6,000 ದ್ರಾಖ್ಮಾ ನಾಣ್ಯಗಳು. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಇದೇ ಬಗೆಯ ದೊಡ್ಡ ತೂಕಕ್ಕೆ 'ಕಿಕ್ಕಾರ್' ಎಂದು ಹೆಸರು. ಅದು ದುಂಡಗಿನ ರೊಟ್ಟಿಗೂ ಸಲ್ಲುವ ಪದ. ದೇವದರ್ಶನದ ಗುಡಾರದಲ್ಲಿ ಇಡಬೇಕಾದ ದೀಪಸ್ತಂಭವನ್ನು ಒಂದು ಕಿಕ್ಕಾರ್ ಚೊಕ್ಕ ಬಂಗಾರದಿಂದ ಮಾಡಬೇಕೆಂದು ವಿಮೋಚನಾಕಾಂಡದ 25ನೆಯ ಅಧ್ಯಾಯ ಹೇಳುತ್ತದೆ. ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದವರು ಅದನ್ನು 'ತಲಾಂತೊನ್' ಎಂದರು. ಅದೇ ರೂಪ ಹಳೆಯ ಕನ್ನಡ ಬೈಬಲಿನಲ್ಲಿ 'ತಲಾಂತು' ಆಗಿ ನಮ್ಮ ಹಿರಿಯರ ಕಿವಿಗೆ ಬಿತ್ತು.

ಪ್ರಭು ಯೇಸು ಈ ಪದವನ್ನು ಬಳಸಿದಾಗ ಕೇಳಿದವರ ಎದೆ ಒಮ್ಮೆ ಝಲ್ ಎಂದಿರಬೇಕು. ಕೂಲಿಯಾಳಿನ ಒಂದು ದಿನದ ಸಂಬಳ ಒಂದು ದಿನಾರಿ ಎಂದು ಮತ್ತಾಯನ 20ನೆಯ ಅಧ್ಯಾಯದ ಸಾಮತಿಯಿಂದ ತಿಳಿಯುತ್ತದೆ. ರೋಮನರ ದಿನಾರಿ ಹೆಚ್ಚುಕಡಿಮೆ ದ್ರಾಖ್ಮಾಗೆ ಸಮ. ವರ್ಷಕ್ಕೆ 300 ದಿನ ದುಡಿದರೂ 6,000 ದಿನಗಳ ಕೂಲಿ ಕೂಡಿಸಲು 20 ವರ್ಷ ಬೇಕು, ಒಂದು ಕಾಸನ್ನೂ ಉಣ್ಣದೆ ಉಳಿಸಿದರೆ! ದಿನದ ಕೂಲಿ 500 ರೂಪಾಯಿ ಎಂದಿಟ್ಟುಕೊಂಡರೆ ನಮ್ಮ ಲೆಕ್ಕದಲ್ಲಿ ಒಂದು ತಲಾಂತು 30 ಲಕ್ಷ ರೂಪಾಯಿ. ಇತಿಹಾಸಕಾರ ಜೋಸೆಫಸನ ಪ್ರಕಾರ ಗಲಿಲೇಯವನ್ನೂ ಪೆರೇಯವನ್ನೂ ಆಳಿದ ಹೆರೋದ್ ಅಂತಿಪನಿಗೆ ಆ ಎರಡೂ ಸೀಮೆಗಳಿಂದ ವರ್ಷಕ್ಕೆ ಬರುತ್ತಿದ್ದ ಆದಾಯ 200 ತಲಾಂತು.

ಇಲ್ಲಿ ಒಂದು ಕ್ಷಣ ನಿಲ್ಲಿ. ಸಾಮತಿಯಲ್ಲಿ ಐದು, ಎರಡು, ಒಂದು ಎಂದು ಹಂಚಿದಾಗ ಮೂರನೆಯವನಿಗೆ ಚಿಲ್ಲರೆ ಸಿಕ್ಕಿತೆಂದು ನಾವು ಮರುಗುತ್ತೇವೆ. ಅವನಿಗೆ ಸಿಕ್ಕಿದ್ದು ಇಪ್ಪತ್ತು ವರ್ಷಗಳ ಕೂಲಿ. ದೇವರ ಕೈಯಿಂದ ಚಿಲ್ಲರೆ ಬೀಳುವುದೇ ಇಲ್ಲ. ಬರಿಗೈಯವರೆಂಬ ಜಾತಿಯನ್ನು ಹುಟ್ಟಿಸಿದವರು ನಾವು.

ಅರ್ಥಗಳ ಅಲೆದಾಟ

ತೂಕದ ಪದ ಸಾಮರ್ಥ್ಯದ ಪದವಾದ ದಾರಿ ವಿಚಿತ್ರವಾಗಿದೆ. ಲ್ಯಾಟಿನ್ ಮೂಲಕ ಪಶ್ಚಿಮಕ್ಕೆ ಹೋದ ಮೇಲೆ ಅದು ಎರಡು ಕವಲಾಯಿತು. ತಕ್ಕಡಿ ಒಂದು ಕಡೆಗೆ ವಾಲುವಂತೆ ಮನಸ್ಸೂ ವಾಲುತ್ತದೆಯಲ್ಲವೇ? ಹಾಗಾಗಿ ಹಳೆಯ ಫ್ರೆಂಚಿನಲ್ಲಿ ಟ್ಯಾಲೆಂಟ್ ಎಂದರೆ ಒಲವು, ಬಯಕೆ, ಇಚ್ಛೆ. ಸ್ಪೇನಿನವರು ಇಂದಿಗೂ ಮನೋಭಾವಕ್ಕೆ 'ತಲಾಂತೆ' ಎನ್ನುತ್ತಾರೆ. ಈ ಅರ್ಥ ಇಂಗ್ಲಿಷಿಗೂ ಬಂತು. ಹದಿನಾಲ್ಕನೆಯ ಶತಮಾನದ ಕವಿ ಚಾಸರ್ ತನ್ನ ಕ್ಯಾಂಟರ್ಬರಿ ಕಥೆಗಳಲ್ಲಿ ಹೊಟ್ಟೆಬಾಕರ ನಾಲಗೆಯ ಚಪಲಕ್ಕೆ ಈ ಪದವನ್ನು ಬಳಸಿದ್ದಾನೆ. ಮುಂದೆ ಏನಾಗಲಿದೆ ಎಂಬುದರ ಮುನ್ಸೂಚನೆಯೋ ಎಂಬಂತೆ ಟ್ಯಾಲೆಂಟ್ ಒಂದು ಕಾಲದಲ್ಲಿ ಚಪಲದ ಹೆಸರೇ ಆಗಿತ್ತು!

ಇನ್ನೊಂದು ಕವಲು ಬಲಿಪೀಠದ ಮಗ್ಗುಲಿನಿಂದ ಹೊರಟಿತು. ಶತಮಾನಗಳ ಕಾಲ ಉಪದೇಶಕರು ಮತ್ತಾಯನ ಸಾಮತಿಯನ್ನು ವಿವರಿಸುತ್ತಾ, ತಲಾಂತು ಎಂದರೆ ದೇವರು ನಂಬಿ ಒಪ್ಪಿಸಿದ ವರ ಎಂದು ಹೇಳುತ್ತ ಬಂದರು. ಕೇಳಿ ಕೇಳಿ ಜನರ ಬಾಯಲ್ಲಿ ತೂಕ ಮರೆತುಹೋಗಿ ವರ ಉಳಿಯಿತು. ಹದಿನೈದನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ಟ್ಯಾಲೆಂಟ್ ಎಂದರೆ ಹುಟ್ಟಿನಿಂದ ಬಂದ ಬುದ್ಧಿಶಕ್ತಿ, ಕೌಶಲ ಎಂಬ ಅರ್ಥ ಬೇರೂರಿತು. ಇಂದು ದೂರದರ್ಶನದ ವಾಹಿನಿಗಳು, ಕೋಚಿಂಗ್ ಕೇಂದ್ರಗಳು, ಕಂಪನಿಗಳು ಬಳಸುವ ಪದ ಶುಭಸಂದೇಶದ ಒಂದು ಸಾಮತಿಯಿಂದ ಹುಟ್ಟಿದ್ದು. ಅಂದರೆ ಅವರ ಕೈಯಲ್ಲಿರುವುದು ನಮ್ಮ ಮನೆಯ ಪಾತ್ರೆ. ಅದರಲ್ಲಿ ಏನನ್ನು ಬಡಿಸುತ್ತಿದ್ದಾರೆಂದು ಕೇಳುವ ಹಕ್ಕು ನಮಗಿದೆ.

ಹಣದ ಮೂಲ ಅಷ್ಟು ಬೇಗ ಮರೆಯಾಗಿರಲಿಲ್ಲ. 1652ರ ಹೊತ್ತಿಗೆ ಎರಡೂ ಕಣ್ಣುಗಳನ್ನು ಕಳೆದುಕೊಂಡ ಕವಿ ಮಿಲ್ಟನ್ ತನ್ನ ಕುರುಡುತನದ ಬಗೆಗಿನ ಸಾನೆಟ್ಟಿನಲ್ಲಿ ಈ ಪದದ ಎರಡೂ ಅರ್ಥಗಳನ್ನು ಒಟ್ಟಿಗೆ ದುಡಿಸಿಕೊಂಡ. ಕವಿ ಕೋಲ್‌ರಿಜ್‌ಗೆ 'ಟ್ಯಾಲೆಂಟೆಡ್' ಎಂಬ ಹೊಸ ರೂಪವನ್ನು ಕಂಡರೆ ಆಗುತ್ತಿರಲಿಲ್ಲ. ಹಣದ ಹೆಸರಿನಿಂದ ಗುಣವಾಚಕ ಕಟ್ಟುವುದಾದರೆ ಉಳಿದ ನಾಣ್ಯಗಳಿಂದಲೂ ಕಟ್ಟಬಹುದಲ್ಲ ಎಂದು 1832ರಲ್ಲಿ ಆತ ಲೇವಡಿ ಮಾಡಿದ. ಆ ಲೇವಡಿಯಲ್ಲಿ ಎಚ್ಚರಿಕೆಯೂ ಇತ್ತು: ಮನುಷ್ಯನ ಗುಣಕ್ಕೆ ಹಣದ ಹೆಸರಿಟ್ಟರೆ ಮನುಷ್ಯನಿಗೆ ಬೆಲೆಚೀಟಿ ಅಂಟಿಸಿದಂತೆ.

ಹಾಗೆಯೇ ಆಯಿತು. ಇಂಗ್ಲೆಂಡಿನ ಕುದುರೆ ಜೂಜಿನ ಕಟ್ಟೆಯಲ್ಲಿ ಚಾಣಾಕ್ಷ ಬಾಜಿದಾರರಿಗೆ 'ಟ್ಯಾಲೆಂಟ್' ಎಂಬ ಹೆಸರು ಬಿತ್ತು. ಬ್ರಿಟಿಷರ ಆಡುಮಾತಿನಲ್ಲಿ ಅದು ಕಣ್ಸೆಳೆಯುವ ಹುಡುಗ ಹುಡುಗಿಯರನ್ನು ಕುರಿತ ಚೇಷ್ಟೆಯ ಮಾತಾಯಿತು. ಸಿನಿಮಾ ಬಂದ ಮೇಲೆ ನಟನಟಿಯರ ಗುಂಪಿಗೇ ಅದು ಹೆಸರಾಯಿತು; ಅವರನ್ನು ಹುಡುಕಿ ತರುವವರು ಟ್ಯಾಲೆಂಟ್ ಸ್ಕೌಟ್‌ಗಳಾದರು. 1997ರಲ್ಲಿ ಮೆಕಿನ್ಸಿ ಎಂಬ ಸಲಹಾ ಸಂಸ್ಥೆ 'ಟ್ಯಾಲೆಂಟ್‌ಗಾಗಿ ಯುದ್ಧ' ಎಂಬ ಘೋಷಣೆಯನ್ನು ವ್ಯಾಪಾರ ಲೋಕಕ್ಕೆ ಕೊಟ್ಟಿತು. 2001ರಲ್ಲಿ ಅದೇ ಹೆಸರಿನ ಪುಸ್ತಕವೂ ಬಂತು. ಅತಿ ಜಾಣರನ್ನು ಆರಿಸಿ, ಅವರಿಗೆ ಕೇಳಿದಷ್ಟು ಕೊಟ್ಟು, ಅವರ ದಾರಿಗೆ ಅಡ್ಡ ಬರಬೇಡಿ ಎಂಬುದು ಆ ವಾದದ ತಿರುಳು. ಆ ವಾದವನ್ನು ಮೈಮೇಲೆ ಆವಾಹಿಸಿಕೊಂಡಿದ್ದ ಎನ್ರಾನ್ ಎಂಬ ಅಮೆರಿಕದ ದೈತ್ಯ ಕಂಪನಿ ಅದೇ 2001ರ ಡಿಸೆಂಬರಿನಲ್ಲಿ ಸುಳ್ಳು ಲೆಕ್ಕಗಳ ಭಾರಕ್ಕೆ ಕುಸಿದು ದಿವಾಳಿಯಾಯಿತು. ಅಲ್ಲಿ ಜಾಣರಿಗೆ ಕೊರತೆ ಇರಲಿಲ್ಲ. ತಮ್ಮ ಕೈಯಲ್ಲಿರುವುದು ಇನ್ನೊಬ್ಬರ ಹಣ ಎಂಬ ನೆನಪಿಗೆ ಕೊರತೆ ಇತ್ತು. ತಲಾಂತಿನ ಸಾಮತಿಯನ್ನು ತಲೆಕೆಳಗಾಗಿ ಓದಿದರೆ ಆಗುವುದು ಇದೇ.

ಸಾಮತಿಯನ್ನು ಮತ್ತೆ ಓದಿ

ನಮ್ಮ ಬೆಂಗಳೂರಿನ ಕಂಪನಿಗಳು ನೌಕರರನ್ನು ನೇಮಿಸಿಕೊಳ್ಳುವ ವಿಭಾಗಕ್ಕೆ 'ಟ್ಯಾಲೆಂಟ್ ಅಕ್ವಿಸಿಷನ್' ಎಂದು ಹೆಸರಿಟ್ಟಿರುವುದನ್ನು ಕಂಡು ನಗಬಹುದು. ಆದರೆ ದೂರುವ ಮೊದಲು ನಮ್ಮ ಪ್ರಬೋಧನಾ ಪೀಠವನ್ನೇ ನೋಡೋಣ. ನಾನೂ ನನ್ನಂಥ ಅನೇಕರೂ ಹೇಳಿಕೊಂಡು ಬಂದ ತಪ್ಪುಗಳು ನಾಲ್ಕು.

ಮೊದಲನೆಯದಾಗಿ, ಯಜಮಾನನು ಪ್ರತಿಯೊಬ್ಬನಿಗೂ ಅವನವನ ಸಾಮರ್ಥ್ಯವನ್ನು ನೋಡಿ ತಲಾಂತುಗಳನ್ನು ಒಪ್ಪಿಸಿದನೆಂದು ಶುಭಸಂದೇಶವೇ ಹೇಳುತ್ತದೆ. ಸಾಮರ್ಥ್ಯಕ್ಕೆ ಅಲ್ಲಿರುವ ಗ್ರೀಕ್ ಪದ ಬೇರೆ: 'ದುನಮಿಸ್'. ಅಂದಮೇಲೆ ಸಾಮರ್ಥ್ಯ ಒಂದು, ತಲಾಂತು ಇನ್ನೊಂದು. ಸಾಮರ್ಥ್ಯ ಹೊರುವ ಹೆಗಲು. ತಲಾಂತು ಆ ಹೆಗಲ ಮೇಲಿಟ್ಟ ಹೊರೆ. ನಾವು ಹೊರೆಯನ್ನು ಕೆಳಗಿಳಿಸಿ ಹೆಗಲಿಗೆ ಹಾರ ಹಾಕುತ್ತಿದ್ದೇವೆ.

ಸಭಾಪಿತೃಗಳೂ ಕೌಶಲವನ್ನು ತಲಾಂತೆಂದು ಕರೆದಿಲ್ಲವೇ ಎಂದು ನೀವು ಕೇಳಬಹುದು. ಕರೆದಿದ್ದಾರೆ. ಆದರೆ ಅವರ ಪಟ್ಟಿಯನ್ನು ನೋಡಿ. ಸಂತ ಜಾನ್ ಕ್ರಿಸೊಸ್ತೊಮರು ಮತ್ತೊಬ್ಬರನ್ನು ಕಾಪಾಡುವ ಶಕ್ತಿ, ಹಣ, ಬೋಧನೆ ಇವೆಲ್ಲವನ್ನೂ ತಲಾಂತು ಎಂದರು. ನೆರೆಯವನಿಗೆ ನೆರವಾಗುವುದೇ ಅವುಗಳ ಗುರಿ ಎಂದರು. 590ರಿಂದ 604ರವರೆಗೆ ಪೋಪರಾಗಿದ್ದ ಮಹಾ ಗ್ರೆಗೊರಿಯವರು ಇನ್ನೂ ಮುಂದೆ ಹೋದರು. ಹೊಟ್ಟೆ ಹೊರೆಯಲು ಕಲಿತ ಕಸುಬೂ ತಲಾಂತು. ಬೇರೇನೂ ಇಲ್ಲದವನಿಗೆ ಒಬ್ಬ ಶ್ರೀಮಂತನ ಪರಿಚಯವಿದ್ದರೆ ಆ ಪರಿಚಯವೂ ತಲಾಂತೇ; ಬಡವರ ಪರವಾಗಿ ಅವನಲ್ಲಿ ಒಂದು ಮಾತು ಆಡದಿದ್ದರೆ ಅದನ್ನು ಹೂತಿಟ್ಟಂತೆ ಎಂದು ಅವರು ಬೋಧಿಸಿದರು. ಈ ಪಟ್ಟಿಯಲ್ಲಿ ವೇದಿಕೆ ಎಲ್ಲಿದೆ? ಚಪ್ಪಾಳೆ ಎಲ್ಲಿದೆ?

ಎರಡನೆಯದಾಗಿ, ತಲಾಂತುಗಳು ಯಜಮಾನನ ಆಸ್ತಿ. ಕೊಡುವ ಮೊದಲೂ ಅವನದು, ಲೆಕ್ಕ ಒಪ್ಪಿಸುವಾಗಲೂ ಅವನದು. 'ನನ್ನ ಟ್ಯಾಲೆಂಟ್' ಎಂಬ ಮಾತು ಬ್ಯಾಂಕಿನ ಗುಮಾಸ್ತ ತಿಜೋರಿಯನ್ನು ತೋರಿಸಿ 'ನನ್ನ ಹಣ' ಎಂದಂತೆ. ನಿನ್ನಲ್ಲಿರುವುದರಲ್ಲಿ ಪಡೆದುಕೊಳ್ಳದೇ ಇದ್ದದ್ದು ಯಾವುದೆಂದು ಸಂತ ಪೌಲರು ಕೊರಿಂಥದವರನ್ನು ಕೇಳಿದ್ದು ಇದಕ್ಕಾಗಿಯೇ.

ಮೂರನೆಯದಾಗಿ, ಈ ಸಾಮತಿಯಲ್ಲಿ ಸ್ಪರ್ಧೆಯೇ ಇಲ್ಲ. ಐದು ಗಳಿಸಿದವನಿಗೂ ಎರಡು ಗಳಿಸಿದವನಿಗೂ ಯಜಮಾನನು ಆಡಿದ ಮೆಚ್ಚುಗೆಯ ಮಾತುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಒಂದೇ. ಪ್ರಥಮ, ದ್ವಿತೀಯ ಎಂಬ ಭೇದವಿಲ್ಲ. ಒಂದು ಪಡೆದವನು ಇನ್ನೊಂದನ್ನು ಸೇರಿಸಿ ತಂದಿದ್ದರೆ ಅವನಿಗೂ ಅದೇ ಮಾತು ಸಿಗುತ್ತಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅವನನ್ನು ಕೆಡಿಸಿದ್ದು ತಲಾಂತಿನ ಸಂಖ್ಯೆಯಲ್ಲ, ಭಯ. ಹಣವನ್ನು ನೆಲದಲ್ಲಿ ಹೂಳುವುದೇ ಭದ್ರ ಕಾವಲೆಂದು ಯೆಹೂದ್ಯರ ತಲ್ಮೂದಿನಲ್ಲಿಯೂ ಒಂದು ಅಭಿಪ್ರಾಯವಿದೆ. ಲೋಕದ ಕಣ್ಣಿಗೆ ಅವನು ಜಾಗರೂಕನೇ. ತಾನು ಸುರಕ್ಷಿತನಾಗಿದ್ದರೆ ಸಾಕೆಂಬುದು ಅವನ ಪಾಪ.

ನಾಲ್ಕನೆಯದಾಗಿ, ಗೆದ್ದವರಿಗೆ ಸಿಕ್ಕ ಬಹುಮಾನ ಯಾವುದು? ಇನ್ನೂ ಹೆಚ್ಚಿನ ಹೊಣೆ, ಯಜಮಾನನ ಆನಂದದಲ್ಲಿ ಪಾಲು. ನಮ್ಮ ಸಮಾರಂಭದಲ್ಲಿ ಫಲಕ ಪಡೆದವನ ಕೆಲಸ ಅಲ್ಲಿಗೆ ಮುಗಿಯುತ್ತದೆ. ಸಾಮತಿಯಲ್ಲಿ ಅಲ್ಲಿಂದ ಆರಂಭವಾಗುತ್ತದೆ.

ಬೆಳಕಾಗಿ ಅನುವಾದಗೊಂಡ ಭಾರ

ಕನ್ನಡದಲ್ಲಿ ನಾವು ಟ್ಯಾಲೆಂಟನ್ನು 'ಪ್ರತಿಭೆ' ಎಂದು ಅನುವಾದಿಸಿಕೊಂಡಿದ್ದೇವೆ. ಪ್ರತಿಭೆ ಚೆಲುವಾದ ಪದ. ಅದರ ಧಾತು 'ಭಾ', ಅಂದರೆ ಹೊಳೆ, ಬೆಳಗು. ಹೀಗೆ ಭಾರದ ಪದ ನಮ್ಮಲ್ಲಿಗೆ ಬಂದು ಬೆಳಕಿನ ಪದವಾಯಿತು. ಹೊಳೆಯುವುದೆಲ್ಲ ನೋಡುವವರನ್ನು ಬೇಡುತ್ತದೆ. ಹೊರುವವನಿಗೆ ನೋಡುವವರು ಬೇಕಿಲ್ಲ. ಕಾಣದ್ದು ಪ್ರತಿಭೆಯೇ ಅಲ್ಲ ಎಂಬ ಭ್ರಮೆ ಹುಟ್ಟಿದ್ದು ಇಲ್ಲಿಂದ.

ಆದರೆ ನಮ್ಮ ಕಾವ್ಯಮೀಮಾಂಸಕರು ಇಷ್ಟು ಸಣ್ಣ ಮನಸ್ಸಿನವರಾಗಿರಲಿಲ್ಲ. ರಾಜಶೇಖರನು ಪ್ರತಿಭೆಯನ್ನು ಕಾರಯಿತ್ರೀ, ಭಾವಯಿತ್ರೀ ಎಂದು ಎರಡಾಗಿ ವಿಂಗಡಿಸಿದ. ರಚಿಸುವವನದು ಒಂದು, ಆಸ್ವಾದಿಸಿ ಅರಿಯುವವನದು ಇನ್ನೊಂದು. ಸಾವಿರ ಜನರ ಸಭೆಯಲ್ಲಿ ಹಾಡುವವನು ಒಬ್ಬ, ಕಿವಿಗೊಡುವವರು ಉಳಿದವರೆಲ್ಲ. ಭಾವಯಿತ್ರಿಗೂ ಪ್ರತಿಭೆಯೆಂಬ ಗೌರವ ಕೊಟ್ಟ ನಾಡಿನಲ್ಲಿ ಇಂದು ಕೇಳುವವನಿಗೆ ಬೆಲೆಯಿಲ್ಲ. ಅವನು ಬರಿಯ ಪ್ರೇಕ್ಷಕ, ಮತ ಹಾಕಲು ಬೇಕಾದ ಮೊಬೈಲ್ ಸಂಖ್ಯೆ.

ಮಕ್ಕಳ ರಿಯಾಲಿಟಿ ಶೋಗಳನ್ನು ನೋಡಿ. ಆರು ವರ್ಷದ ಕೂಸು ದೊಡ್ಡವರ ಪ್ರಣಯಗೀತೆಗೆ ಸೊಂಟ ಕುಣಿಸುತ್ತದೆ. ತೀರ್ಪುಗಾರರು ಕಣ್ಣೀರು ಒರೆಸಿಕೊಳ್ಳುತ್ತಾರೆ. ಮುಂದಿನ ವಾರ ಅದೇ ಕೂಸನ್ನು ಎಲಿಮಿನೇಟ್ ಮಾಡಿ ಅದರ ಅಳುವನ್ನು ಹತ್ತಿರದಿಂದ ತೋರಿಸುತ್ತಾರೆ. 2019ರ ಜೂನ್ ತಿಂಗಳಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವೇ ಮಕ್ಕಳನ್ನು ಅವರ ವಯಸ್ಸಿಗೆ ಒಪ್ಪದ ಭಂಗಿಗಳಲ್ಲಿ ತೋರಿಸಬೇಡಿ ಎಂದು ಖಾಸಗಿ ವಾಹಿನಿಗಳಿಗೆ ಸಲಹಾಪತ್ರ ಬರೆಯಬೇಕಾಯಿತು. ಮಗುವಿನ ಬಾಲ್ಯವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ಇನ್ನೊಂದರಲ್ಲಿ ಜಾಹೀರಾತಿನ ಹಣ ಇಡುವುದನ್ನು ತುಲಾಭಾರ ಎನ್ನಬೇಕೋ, ವ್ಯಾಪಾರ ಎನ್ನಬೇಕೋ? ಆ ತಟ್ಟೆಯ ಮೇಲೆ ಮಗುವನ್ನು ಕೂರಿಸುವ ಕೈ ಎಷ್ಟೋ ಸಲ ಹೆತ್ತವರದೇ.

ಒಂದು ಆಕ್ಷೇಪ

"ಹಾಗಾದರೆ ಮಕ್ಕಳನ್ನು ಪ್ರೋತ್ಸಾಹಿಸಲೇಬಾರದೇ, ಫಾದರ್? ಬಹುಮಾನ ಕೊಡುವುದೇ ತಪ್ಪೇ?" ಎಂದು ಶಿಕ್ಷಕ ಮಿತ್ರರು ಕೇಳಿಯಾರು. ನ್ಯಾಯವಾದ ಪ್ರಶ್ನೆ. 1963ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಪ್ರತಿಭಾನ್ವೇಷಣೆಯ ಯೋಜನೆ ದಶಕಗಳ ಕಾಲ ಸಾವಿರಾರು ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಟ್ಟಿತು. ಕರ್ನಾಟಕದ ಶಾಲೆಗಳ ಪ್ರತಿಭಾ ಕಾರಂಜಿ, ಮೈಕನ್ನೇ ಮುಟ್ಟದ ಹಳ್ಳಿಯ ಮಕ್ಕಳನ್ನು ವೇದಿಕೆಗೆ ತಂದಿದೆ. ಕೂಲಿಕಾರನ ಮಗಳು ಜಿಲ್ಲಾ ಮಟ್ಟದಲ್ಲಿ ಹಾಡಿ ತಲೆ ಎತ್ತಿ ನಡೆಯುವುದನ್ನು ಕಂಡು ನಾನೂ ಹಿಗ್ಗಿದ್ದೇನೆ. ಶತಮಾನಗಳಿಂದ ಯಾರಿಗೆ ಸಭೆಯ ಬಾಗಿಲು ಮುಚ್ಚಿತ್ತೋ ಅವರಿಗೆ ಅದು ತೆರೆಯುವುದು ನ್ಯಾಯದ ಕೆಲಸ. ಅದಕ್ಕೆ ನನ್ನ ಪೂರ್ಣ ಬೆಂಬಲವಿದೆ.

ನನ್ನ ವಿರೋಧ ಎರಡಕ್ಕೆ. ಅಂಕ ಮತ್ತು ಚಪ್ಪಾಳೆಗಳಿಗೆ ಸಿಗುವುದೊಂದೇ ಟ್ಯಾಲೆಂಟ್ ಎಂದು ಸಾರುವುದಕ್ಕೆ. ಹಾಗೆ ಸಾರಲು ದೇವರ ವಾಕ್ಯವನ್ನು ಸಾಕ್ಷಿಗೆ ಕರೆಯುವುದಕ್ಕೆ. 'ಎಲೆಮರೆಯ ಕಾಯಿ' ಎಂದು ನಾವು ಅನುಕಂಪದಿಂದ ಹೇಳುತ್ತೇವೆ, ಆ ಕಾಯಿಯನ್ನು ಹೊರಗೆಳೆದು ಬಿಸಿಲಿಗೆ ಹಿಡಿಯದಿದ್ದರೆ ಅದರ ಜನ್ಮ ವ್ಯರ್ಥವೆಂಬಂತೆ. ತೋಟದವನನ್ನು ಕೇಳಿ. ಎಲೆಯ ನೆರಳಿನ ಕಾಯಿಯೂ ಹಣ್ಣಾಗುತ್ತದೆ, ಅದನ್ನೂ ಹಸಿದವನು ತಿನ್ನುತ್ತಾನೆ.

ಪರಿಹಾರವೇನು ಎಂದರೆ, ದೊಡ್ಡ ಯೋಜನೆಯೇನೂ ನನ್ನಲ್ಲಿಲ್ಲ. ಮುಂದಿನ ಪ್ರತಿಭಾ ಪುರಸ್ಕಾರದಲ್ಲಿ ಹಾಡಿದ ಮಗುವನ್ನು ಮೆಚ್ಚಿದ ಮೇಲೆ ಒಂದು ಪ್ರಶ್ನೆ ಕೇಳೋಣ: "ಮಗೂ, ಈ ಹಾಡನ್ನು ಯಾರ ಬಳಿಗೆ ಒಯ್ಯುತ್ತೀಯ?" ಗಣಿತದಲ್ಲಿ ನೂರಕ್ಕೆ ನೂರು ತೆಗೆದವನಿಗೆ ಫಲಕದ ಜೊತೆಗೆ, ಗಣಿತದಲ್ಲಿ ಬಿದ್ದ ಇಬ್ಬರು ಸಹಪಾಠಿಗಳನ್ನೂ ಒಪ್ಪಿಸೋಣ. ಅದು ಶಿಕ್ಷೆಯಲ್ಲ, ತಲಾಂತು. ಪಟ್ಟಿ ತಯಾರಿಸುವಾಗ ಫಲಿತಾಂಶದ ಹಾಳೆಯನ್ನು ಮಡಚಿಟ್ಟು, ರೋಗಿಗಳ ಮನೆಗೆ ಹೋಗಿಬರುವ ಸಿಸ್ಟರುಗಳನ್ನೂ ನೆರೆಹೊರೆಯವರನ್ನೂ ಒಮ್ಮೆ ಕೇಳೋಣ. ವೇದಿಕೆಗೆ ಕಾಣದ್ದು ಅವರಿಗೆ ಕಂಡಿರುತ್ತದೆ.

ಆ ತಾಯಿಗೆ ಉತ್ತರ

ಮತ್ತಾಯನ 25ನೆಯ ಅಧ್ಯಾಯ ತಲಾಂತುಗಳ ಸಾಮತಿಗೆ ಮುಗಿಯುವುದಿಲ್ಲ. ನಾವು 30ನೆಯ ವಾಕ್ಯಕ್ಕೆ ಪುಸ್ತಕ ಮುಚ್ಚುತ್ತೇವೆ, ಶುಭಸಂದೇಶಕಾರನು ಮುಚ್ಚಲಿಲ್ಲ. 31ನೆಯ ವಾಕ್ಯದಿಂದ ಅಂತಿಮ ತೀರ್ಪಿನ ಚಿತ್ರ ತೆರೆದುಕೊಳ್ಳುತ್ತದೆ. ಅಲ್ಲಿ ಅರಸನು ಕೇಳುವುದು ಹಸಿದವನಿಗೆ ಕೊಟ್ಟ ಅನ್ನ, ಬಾಯಾರಿದವನಿಗೆ ಕೊಟ್ಟ ನೀರು, ಬೆತ್ತಲೆ ಇದ್ದವನಿಗೆ ಹೊದಿಸಿದ ಬಟ್ಟೆ, ರೋಗಿಯ ಬಳಿ ಕಳೆದ ಹೊತ್ತು ಇವುಗಳ ಲೆಕ್ಕವನ್ನು. ತಲಾಂತಿನ ಲೆಕ್ಕಪುಸ್ತಕದ ಮುಂದಿನ ಪುಟವೇ ಅದು. ಒಪ್ಪಿಸಿದ ಹಣ ಎಲ್ಲಿ ದುಪ್ಪಟ್ಟಾಗಬೇಕಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕಿಲ್ಲ. ಎಡಬಲಗಳಲ್ಲಿ ನಿಂತವರಿಬ್ಬರೂ ಆಶ್ಚರ್ಯಪಟ್ಟು 'ಯಾವಾಗ?' ಎಂದೇ ಕೇಳುತ್ತಾರೆ. ನಿಜವಾಗಿ ಹೊತ್ತವರಿಗೂ ತಾವು ಹೊತ್ತದ್ದು ನೆನಪಿರಲಿಲ್ಲ.

ಅಮ್ಮ, ನಿಮ್ಮ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈ ಪತ್ರಿಕೆ ನಿಮ್ಮ ಮನೆಗೆ ಬರುತ್ತದೋ ಇಲ್ಲವೋ ತಿಳಿಯದು. ಆ ಊರನ್ನು ಬಿಟ್ಟು ನಾನು ಬೇರೆಡೆಗೆ ಬಂದೆ. ಅಜ್ಜಿ ತೀರಿಕೊಂಡ ಸುದ್ದಿ ಆಮೇಲೆ ತಿಳಿಯಿತು. ಮೂರು ವರ್ಷ ಹಾಸಿಗೆಯಲ್ಲಿದ್ದ ಆ ದೇಹದಲ್ಲಿ ಒಂದೇ ಒಂದು ಹುಣ್ಣೂ ಇರಲಿಲ್ಲವೆಂದು ಅಂತ್ಯಕ್ರಿಯೆಗೆ ಮೈ ತೊಳೆದ ಹೆಂಗಸರು ಹೇಳಿದರಂತೆ. ಹಾಸಿಗೆ ಹಿಡಿದವರನ್ನು ನೋಡಿಕೊಂಡ ಯಾರನ್ನಾದರೂ ಕೇಳಿದರೆ ಈ ಮಾತಿನ ಬೆಲೆ ಗೊತ್ತಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ನಿಮ್ಮ ಮಗ ಪರೀಕ್ಷೆಯಲ್ಲಿ ಏಕೆ ಬಿದ್ದನೆಂದು ನಾನು ಅಂದು ಲೆಕ್ಕ ಹಾಕಲಿಲ್ಲ.

ತಲಾಂತು ಎಂದರೆ ಮೂಲದಲ್ಲಿ ಎತ್ತಿ ಹಿಡಿಯುವ ಭಾರ ಎಂದು ಆಮೇಲೆ ನಿಘಂಟಿನಲ್ಲಿ ಓದಿದೆ. ನಿಮ್ಮ ಹುಡುಗ ಅದನ್ನು ದಿನವೂ ಎರಡು ಕೈಗಳಲ್ಲಿ ಎತ್ತಿ, ನೋವಾಗದಂತೆ ಮಗ್ಗುಲು ಹೊರಳಿಸಿ ಮಲಗಿಸುತ್ತಿದ್ದ.